ಅಪ್ಪನಿಗೆ ಟೆಲೊಮೇರ್ ಟೆಸ್ಟ್ ಮಾಡಿಸಬೇಕಾ? ಜೀವಕೋಶಕ್ಕೆ ವಯಸ್ಸಾಗುವುದು ನಿಜಕ್ಕೂ ಹೇಗೆ?

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ಆರೋಗ್ಯ ಚೆನ್ನಾಗಿದೆ, ತೋಟದ ಕೆಲಸ ಈಗಲೂ ಅವರೇ ನೋಡಿಕೊಳ್ಳುತ್ತಾರೆ. ಪರಿಚಯದವರೊಬ್ಬರು ಮನೆಗೆ ಬಂದು ಟೆಲೊಮೇರ್ ಟೆಸ್ಟ್ ಬಗ್ಗೆ ಹೇಳಿ ಹೋಗಿದ್ದಾರೆ. ರಕ್ತ ಕೊಟ್ಟರೆ ದೇಹದ ನಿಜವಾದ ವಯಸ್ಸು ಗೊತ್ತಾಗುತ್ತದಂತೆ. ಟೆಲೊಮೇರ್ ಗಿಡ್ಡ ಇದ್ದರೆ ಅದನ್ನು ಮತ್ತೆ ಉದ್ದ ಮಾಡುವ ಕ್ಯಾಪ್ಸೂಲ್ ಕೂಡ ಅವರ ಹತ್ತಿರವೇ ಇದೆಯಂತೆ. ಅಪ್ಪ ಪೂರ್ತಿ ನಂಬಿಬಿಟ್ಟಿದ್ದಾರೆ, ಬೇಡ ಅಂದರೆ ನನ್ನ ಮೇಲೆ ಬೇಜಾರು. ಇಷ್ಟಕ್ಕೂ ಈ ಟೆಲೊಮೇರ್ ಅಂದರೇನು, ಅದು ಸವೆದರೆ ವಯಸ್ಸಾಗುತ್ತದೆ ಅನ್ನುವುದು ನಿಜವಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಪಿಯುಸಿ ಬಯಾಲಜಿ ಮರೆತು ಎಷ್ಟೋ ವರ್ಷ ಆಯಿತು.

ಕೋಶಸಂಗಾತಿ

ನಾನು ಕೆಲಸ ಮಾಡುವುದೇ ಮನುಷ್ಯರ ಜೀವಕೋಶ ಬೆಳೆಸುವ ಲ್ಯಾಬಿನಲ್ಲಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ ಅಪ್ಪನಿಗೆ ಟೆಸ್ಟ್ ಬೇಕಿಲ್ಲ, ಕ್ಯಾಪ್ಸೂಲ್ ಅಂತೂ ಬೇಡವೇ ಬೇಡ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಉದ್ದ ಓದಬೇಕು.

ನಮ್ಮ ಒಂದೊಂದು ಜೀವಕೋಶದಲ್ಲೂ 46 ವರ್ಣತಂತುಗಳು. ಪ್ರತಿಯೊಂದಕ್ಕೂ ಎರಡು ತುದಿ, ಅಂದರೆ 92 ತುದಿ. ಆ ತುದಿಗಳಲ್ಲಿ ಟಿಟಿಎಜಿಜಿಜಿ ಅನ್ನುವ ಡಿಎನ್ಎಯ ಆರು ಅಕ್ಷರ ಸಾವಿರಾರು ಸಲ ಮತ್ತೆ ಮತ್ತೆ ಬರುತ್ತವೆ. ಅದೇ ಟೆಲೊಮೇರ್. ಅಲ್ಲಿ ಯಾವ ಪ್ರೋಟೀನು ತಯಾರಿಸುವ ಸೂಚನೆಯೂ ಇಲ್ಲ. ಆದರೂ ಅದಿಲ್ಲದೆ ನಡೆಯುವುದಿಲ್ಲ. ಕೋಶದೊಳಗೆ ಮುರಿದ ಡಿಎನ್ಎ ಹುಡುಕಿ ಬೆಸೆಯುವ ರಿಪೇರಿ ವ್ಯವಸ್ಥೆ ಯಾವಾಗಲೂ ಎಚ್ಚರವಾಗಿರುತ್ತದೆ. ವರ್ಣತಂತುವಿನ ಸಹಜ ತುದಿಯೂ ಅದರ ಕಣ್ಣಿಗೆ ಮುರಿದ ತುದಿಯೇ! ಬೆಸೆದುಬಿಟ್ಟರೆ ಎರಡು ವರ್ಣತಂತು ಅಂಟಿಕೊಳ್ಳುತ್ತವೆ, ಮುಂದಿನ ವಿಭಜನೆಯಲ್ಲಿ ಎಳೆದಾಡಿ ಹರಿಯುತ್ತವೆ. ಅದಕ್ಕೇ ಸೀರೆ ಸೆರಗಿಗೆ ಕುಚ್ಚು ಕಟ್ಟಿದ ಹಾಗೆ ಇಲ್ಲಿ ತುದಿಯನ್ನು ಭದ್ರ ಮಾಡಿರುತ್ತದೆ. ತುದಿಯ ಒಂದು ಎಳೆ ಸ್ವಲ್ಪ ಉದ್ದ ಚಾಚಿಕೊಂಡು, ಹಿಂದಕ್ಕೆ ಬಾಗಿ, ಟೆಲೊಮೇರ್ ಒಳಗೇ ಹೊಕ್ಕು ಕುಣಿಕೆಯಾಗುತ್ತದೆ. ಈ ಕುಣಿಕೆಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದು 1999ರಲ್ಲಿ. ಸುತ್ತ ಶೆಲ್ಟರಿನ್ ಅನ್ನುವ ಆರು ಪ್ರೋಟೀನುಗಳ ಕಾವಲು ಬೇರೆ.

ಈಗ ಸವೆಯುವುದು ಹೇಗೆ ಅಂತ. ಡಿಎನ್ಎ ನಕಲು ಮಾಡುವ ಕಿಣ್ವಕ್ಕೆ ಎರಡು ಕಟ್ಟುಪಾಡು. ತಾನಾಗಿ ಶುರು ಮಾಡಲು ಬರುವುದಿಲ್ಲ, ಆರ್‌ಎನ್ಎಯ ಒಂದು ಸಣ್ಣ ತುಂಡು ಮೊದಲು ಕೂರಬೇಕು. ಮತ್ತೆ ಒಂದೇ ದಿಕ್ಕಿಗೆ ಹೋಗುತ್ತದೆ. ಹಾಗಾಗಿ ಎರಡು ಎಳೆಗಳಲ್ಲಿ ಒಂದನ್ನು ತುಂಡು ತುಂಡಾಗಿ ನಕಲು ಮಾಡಬೇಕಾಗುತ್ತದೆ. ಪ್ರತಿ ತುಂಡಿನ ಶುರುವಿನಲ್ಲಿರುವ ಆರ್‌ಎನ್ಎ ಆಮೇಲೆ ತೆಗೆದುಹಾಕಿ, ಪಕ್ಕದ ತುಂಡಿನಿಂದ ಮುಂದುವರಿದು ಆ ಜಾಗ ತುಂಬುತ್ತಾರೆ. ಕಟ್ಟಕಡೆಯ ತುಂಡಿಗೆ ಆಚೆ ಪಕ್ಕವೇ ಇಲ್ಲವಲ್ಲ? ಅಲ್ಲಿ ತುಂಬುವವರಿಲ್ಲ. ಇನ್ನೊಂದು ಎಳೆಯ ನಕಲು ತುದಿವರೆಗೂ ಹೋಗುತ್ತದೆ, ಆದರೆ ಆ ಕುಣಿಕೆಗೆ ಚಾಚು ಬೇಕಲ್ಲ, ಅದಕ್ಕಾಗಿ ಕೋಶವೇ ಅಲ್ಲಿ ಒಂದಿಷ್ಟು ಕತ್ತರಿಸುತ್ತದೆ. ಎರಡೂ ಸೇರಿ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ಪ್ರತಿ ವಿಭಜನೆಗೆ ಸುಮಾರು 50ರಿಂದ 200 ಅಕ್ಷರ ಹೋಗುತ್ತವೆ. ಹುಟ್ಟುವಾಗ ರಕ್ತದ ಬಿಳಿಕೋಶಗಳಲ್ಲಿ ಸರಾಸರಿ ಹತ್ತು ಸಾವಿರದ ಆಸುಪಾಸು ಇರುತ್ತದೆ, ದೊಡ್ಡವರಾದ ಮೇಲೆ ವರ್ಷಕ್ಕೆ 20–30 ಅಕ್ಷರದಂತೆ ಇಳಿಯುತ್ತಾ ಹೋಗುತ್ತದೆ.

ಕೋಡಿಂಗ್ ಕನ್ನಡಿಗ

ಸೂಪರ್ ವಿವರಣೆ. ಹಾಗಾದರೆ ಸವೆದು ಸವೆದು ಪೂರ್ತಿ ಖಾಲಿಯಾದಾಗ ಕೋಶ ಸಾಯುತ್ತದೆ, ಸರಿನಾ?

ಕೋಶಸಂಗಾತಿ

ಇಲ್ಲ. ಪೂರ್ತಿ ಖಾಲಿಯಾಗುವವರೆಗೂ ಕೋಶ ಕಾಯುವುದಿಲ್ಲ. 92ರಲ್ಲಿ ಕೆಲವೇ ತುದಿಗಳು ತೀರಾ ಗಿಡ್ಡವಾದರೂ ಸಾಕು, ಅಲ್ಲಿ ಕುಣಿಕೆ ನಿಲ್ಲುವುದಿಲ್ಲ, ಕಾವಲಿನ ಪ್ರೋಟೀನುಗಳಿಗೆ ಜಾಗ ಸಾಲುವುದಿಲ್ಲ. ರಿಪೇರಿ ವ್ಯವಸ್ಥೆ "ಇಲ್ಲಿ ಡಿಎನ್ಎ ಮುರಿದಿದೆ" ಅಂತ ಕೂಗಲು ಶುರು ಮಾಡುತ್ತದೆ. ಪಿ53 ಅನ್ನುವ ಪ್ರೋಟೀನು ಎಚ್ಚೆತ್ತು, ಪಿ21 ಮೂಲಕ ವಿಭಜನೆ ನಿಲ್ಲಿಸುತ್ತದೆ. ಸರಾಸರಿ ಉದ್ದ ಎಷ್ಟು ಅನ್ನುವುದಕ್ಕಿಂತ ಅತಿ ಗಿಡ್ಡದ್ದು ಎಷ್ಟು ಗಿಡ್ಡ ಅನ್ನುವುದೇ ಇಲ್ಲಿ ಲೆಕ್ಕ. ಇದನ್ನು ನೆನಪಿಟ್ಟುಕೊಳ್ಳಿ, ಟೆಸ್ಟ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇದು ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಚರ್ಮದಿಂದ ತೆಗೆದ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಫ್ಲಾಸ್ಕಿನಲ್ಲಿ ಹಾಕಿ 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಇಡುತ್ತೇವೆ. ಎಳೆ ಕೋಶಗಳು ಸಣ್ಣಗೆ, ಉದ್ದಕ್ಕೆ, ಎರಡೂ ಕಡೆ ಚೂಪಾಗಿ ಇರುತ್ತವೆ. ಮೂರು ನಾಲ್ಕು ದಿನದಲ್ಲಿ ತಳ ಪೂರ್ತಿ ತುಂಬಿಕೊಳ್ಳುತ್ತದೆ. ಆಗ ಟ್ರಿಪ್ಸಿನ್ ಅನ್ನುವ, ತಳದ ಹಿಡಿತ ಬಿಡಿಸುವ ಕಿಣ್ವ ಹಾಕಿ ಎಬ್ಬಿಸುತ್ತೇವೆ. ಎರಡು ಮೂರು ನಿಮಿಷದಲ್ಲಿ ಕೋಶಗಳು ಗುಂಡಗಾಗಿ ತೇಲುತ್ತವೆ, ಫ್ಲಾಸ್ಕಿನ ಪಕ್ಕಕ್ಕೆ ಕೈಯಿಂದ ಮೆಲ್ಲಗೆ ಒಂದು ಏಟು ಕೊಟ್ಟರೆ ಉಳಿದವೂ ಬಿಟ್ಟುಕೊಳ್ಳುತ್ತವೆ. ಅರ್ಧ ಇಲ್ಲಿಗೆ, ಅರ್ಧ ಹೊಸ ಫ್ಲಾಸ್ಕಿಗೆ. ಇದಕ್ಕೆ ಪ್ಯಾಸೇಜ್ ಅನ್ನುತ್ತೇವೆ, ಎಷ್ಟನೆಯದು ಅಂತ ಪ್ರತಿ ಸಲವೂ ಫ್ಲಾಸ್ಕಿನ ಮೇಲೆ ಮಾರ್ಕರಿನಲ್ಲಿ ಬರೆಯುತ್ತೇವೆ. ಪ್ಯಾಸೇಜ್ ಸಂಖ್ಯೆ ಏರಿದ ಹಾಗೆ ತುಂಬಲು ವಾರ ಬೇಕಾಗುತ್ತದೆ, ಆಮೇಲೆ ಇನ್ನೂ ಜಾಸ್ತಿ. ಕೊನೆಗೆ ಎಷ್ಟು ವಾರ ಮೀಡಿಯಾ, ಅಂದರೆ ಕೋಶಕ್ಕೆ ಆಹಾರ ಕೊಡುವ ದ್ರವ, ಬದಲಾಯಿಸುತ್ತಾ ಕಾದರೂ ತಳದಲ್ಲಿ ಖಾಲಿ ಜಾಗ ಖಾಲಿಯಾಗಿಯೇ ಇರುತ್ತದೆ. ಕೋಶಗಳು ಅಗಲವಾಗಿ, ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ, ಒಳಗೆಲ್ಲ ಕಾಳುಕಾಳಾದ ಕಸ. ಮುಪ್ಪಾದ ಕೋಶ ಗುರುತಿಸಲು ಬಳಸುವ ಬೀಟಾ-ಗ್ಯಾಲಕ್ಟೊಸೈಡೇಸ್ ಬಣ್ಣವನ್ನು ಪಿಎಚ್ 6ರಲ್ಲಿ ಹಾಕಿದರೆ ನೀಲಿ ತಿರುಗುತ್ತವೆ.

ಆದರೆ ಅವು ಸತ್ತಿಲ್ಲ. ಊಟ ಮಾಡುತ್ತವೆ, ಗುಲಾಬಿ ಮೀಡಿಯಾ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ತಿಂಗಳುಗಟ್ಟಲೆ ಹೀಗೇ ಇರುತ್ತವೆ. ಅಷ್ಟೇ ಅಲ್ಲ, ಸುತ್ತಮುತ್ತಲ ಕೋಶಗಳಿಗೆ ಉರಿಯೂತ ಹಚ್ಚುವ ರಾಸಾಯನಿಕಗಳನ್ನೂ ಸುರಿಸುತ್ತಿರುತ್ತವೆ. ಮುಪ್ಪಿನ ಜೊತೆ ಟೆಲೊಮೇರ್‌ಗಿರುವ ನಂಟಿನಲ್ಲಿ ಇದು ದೊಡ್ಡ ಭಾಗ ಅಂತ ನನ್ನ ಅಭಿಪ್ರಾಯ. ಕೋಶ ಕಡಿಮೆಯಾಯಿತು ಅನ್ನುವುದಕ್ಕಿಂತ, ಕೆಲಸ ನಿಲ್ಲಿಸಿದ ಕೋಶ ಅಲ್ಲೇ ಕೂತು ಪಕ್ಕದವರನ್ನು ಹಾಳು ಮಾಡುತ್ತದೆ ಅನ್ನುವುದು.

ನಿವೃತ್ತ ಮೇಷ್ಟ್ರು

ಬಹಳ ಚೆನ್ನಾಗಿ ಬರೆದಿದ್ದೀರಿ ಅಮ್ಮಾ. ಮೂವತ್ತು ವರ್ಷಕ್ಕೂ ಹೆಚ್ಚು ಬಯಾಲಜಿ ಕಲಿಸಿದವನು ನಾನು, ಇದರ ಚರಿತ್ರೆ ಸ್ವಲ್ಪ ಸೇರಿಸುತ್ತೇನೆ. ಹುಡುಗರು ಇದನ್ನು ಓದಲೇಬೇಕು.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ಕೋಳಿ ಭ್ರೂಣದ ಹೃದಯದ ಕೋಶಗಳನ್ನು ಬೆಳೆಸಲು ಶುರು ಮಾಡಿದರು. ಆ ಕೋಶಗಳು 1946ರವರೆಗೆ ನಡೆದವು. ಕ್ಯಾರೆಲ್ ನೊಬೆಲ್ ಪಡೆದವರು, ಅವರ ಮಾತಿಗೆ ಎದುರು ಮಾತಿಲ್ಲ. ಹಾಗಾಗಿ "ದೇಹದ ಹೊರಗೆ ಕೋಶಕ್ಕೆ ಸಾವಿಲ್ಲ" ಅನ್ನುವುದು ಪಠ್ಯದ ಸತ್ಯವಾಗಿಬಿಟ್ಟಿತು. ಬೇರೆಯವರ ಕೋಶ ನಿಂತುಹೋದರೆ ಅವರ ಕೈಗುಣ ಸರಿ ಇಲ್ಲ ಅನ್ನುತ್ತಿದ್ದರು! ಪೋಷಣೆಗೆ ಅಂತ ಹಾಕುತ್ತಿದ್ದ ಭ್ರೂಣದ ರಸದ ಜೊತೆಗೆ ಹೊಸ ಕೋಶಗಳೂ ಸೇರಿಕೊಳ್ಳುತ್ತಿದ್ದವು ಅನ್ನುವುದು ಆಮೇಲೆ ಬಂದ ವಿವರಣೆ.

ಇದನ್ನು ಬೀಳಿಸಿದ್ದು ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್, 1961ರಲ್ಲಿ. ಮನುಷ್ಯರ ಭ್ರೂಣದ ಕೋಶ ಸುಮಾರು 50 ಸಲ ಇಬ್ಭಾಗವಾಗಿ ನಿಲ್ಲುತ್ತದೆ ಅಂತ ತೋರಿಸಿದರು. ಪೋಷಣೆಯ ತಪ್ಪು ಇರಬಹುದು, ಸೋಂಕು ಇರಬಹುದು ಅಂತ ಜನ ಹೇಳುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಏನು ಮಾಡಿದರು ನೋಡಿ. ಬಹಳ ಸಲ ವಿಭಜನೆಯಾದ ಗಂಡು ಕೋಶಗಳನ್ನೂ ಕೆಲವೇ ಸಲ ವಿಭಜನೆಯಾದ ಹೆಣ್ಣು ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದರು. ಪಕ್ಕದಲ್ಲಿ ಗಂಡು ಕೋಶಗಳನ್ನೇ ಬೇರೆ ಇಟ್ಟರು. ಬೇರೆ ಇಟ್ಟವು ನಿಂತಾಗ ಬೆರೆಸಿದ ಪಾತ್ರೆಯನ್ನು ನೋಡಿದರೆ ಅಲ್ಲಿ ಉಳಿದದ್ದು ಹೆಣ್ಣು ಕೋಶಗಳು ಮಾತ್ರ. ಒಂದೇ ಪಾತ್ರೆ, ಒಂದೇ ಮೀಡಿಯಾ. ಸೋಂಕು ಕಾರಣವಾಗಿದ್ದರೆ ಎರಡೂ ಸಾಯಬೇಕಿತ್ತು. ಎಂಥಾ ಅಚ್ಚುಕಟ್ಟು ಪ್ರಯೋಗ ಅಲ್ವಾ? ಮೈಕ್ರೋಸ್ಕೋಪು ಮತ್ತು ತಲೆ, ಎರಡೇ ಬಂಡವಾಳ. ಕೋಶಗಳನ್ನು ಶೀತಲದಲ್ಲಿ ವರ್ಷಗಟ್ಟಲೆ ಇಟ್ಟು ತೆಗೆದರೂ ನಿಲ್ಲಿಸಿದ ಲೆಕ್ಕದಿಂದಲೇ ಮುಂದುವರಿಯುತ್ತವೆ ಅಂತಲೂ ಅವರು ತೋರಿಸಿದರು.

ಲೆಕ್ಕ ಇಡುವುದು ಏನು? ಅದಕ್ಕೆ ಮೊದಲ ಸುಳಿವು ಕೊಟ್ಟವರು ಮಾಸ್ಕೋದ ಅಲೆಕ್ಸಿ ಒಲೊವ್ನಿಕೊವ್. ಮೆಟ್ರೋ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ಹೊಳೆದದ್ದು ಅಂತ ಅವರೇ ಹೇಳಿದ್ದಾರೆ. ನಕಲು ಮಾಡುವ ಕಿಣ್ವ ಕೊನೆಯ ತುದಿಯನ್ನು ಬಿಟ್ಟುಬಿಡುತ್ತದೆ, ಆದ್ದರಿಂದ ಪ್ರತಿ ಸಲ ಸವೆಯುತ್ತದೆ ಅಂತ 1971ರಲ್ಲೇ ರಷ್ಯನ್ ಭಾಷೆಯಲ್ಲಿ ಬರೆದರು. ಮರುವರ್ಷ ಜೇಮ್ಸ್ ವಾಟ್ಸನ್ ಕೂಡ ನಕಲಿನ ಈ ತೊಡಕನ್ನು ಗುರುತಿಸಿದರು, ಆದರೆ ಮುಪ್ಪಿನ ಜೊತೆ ಜೋಡಿಸಿದವರು ಒಲೊವ್ನಿಕೊವ್. 2009ರ ನೊಬೆಲ್ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜ್ಯಾಕ್ ಶೋಸ್ಟಾಕ್ ಮೂವರಿಗೆ ಹೋಯಿತು. ಅವರು ಖಂಡಿತ ಯೋಗ್ಯರು. ಆದರೂ ಒಲೊವ್ನಿಕೊವ್ ಹೆಸರು ಅಲ್ಲಿ ಇಲ್ಲದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್ 1978ರಲ್ಲಿ ಟೆಲೊಮೇರ್‌ನ ಅಕ್ಷರ ಸಾಲು ಕಂಡುಹಿಡಿದದ್ದು ಟೆಟ್ರಾಹೈಮೆನಾ ಅನ್ನುವ ಕೆರೆ ನೀರಿನ ಏಕಕೋಶ ಜೀವಿಯಲ್ಲಿ. ಅದರಲ್ಲಿ ಪುಟ್ಟ ಪುಟ್ಟ ವರ್ಣತಂತುಗಳು ಸಾವಿರಗಟ್ಟಲೆ, ಹಾಗಾಗಿ ತುದಿಗಳೂ ಸಾವಿರಗಟ್ಟಲೆ. ತುದಿಯನ್ನು ಮತ್ತೆ ಬೆಳೆಸುವ ಕಿಣ್ವ ಟೆಲೊಮರೇಸ್. ಅದರ ಮೊದಲ ಗುರುತು ಗ್ರೈಡರ್ ಅವರಿಗೆ ಸಿಕ್ಕಿದ್ದು 1984ರ ಕ್ರಿಸ್‌ಮಸ್ ದಿನ. ಆಗ ಅವರಿನ್ನೂ ವಿದ್ಯಾರ್ಥಿನಿ.

ಕೋಡಿಂಗ್ ಕನ್ನಡಿಗ

ಮೇಷ್ಟ್ರೇ ನಮಸ್ಕಾರ, ನಮಗೆ ಹೀಗೆ ಹೇಳಿಕೊಡುವವರು ಸಿಗಲಿಲ್ಲ.

ಆದರೆ ಒಂದು ಅರ್ಥವಾಗುತ್ತಿಲ್ಲ. ಬೆಳೆಸುವ ಕಿಣ್ವವೇ ಸಿಕ್ಕ ಮೇಲೆ ಎಲ್ಲ ಕೋಶದಲ್ಲೂ ಅದನ್ನು ಆನ್ ಮಾಡಿಬಿಟ್ಟರೆ ಆಯಿತಲ್ಲ? ಕ್ಯಾಪ್ಸೂಲಿನವರು ಹೇಳುತ್ತಿರುವುದೂ ಅದೇ ತಾನೆ?

ಕೋಶಸಂಗಾತಿ

ಎಲ್ಲರೂ ಬಂದು ನಿಲ್ಲುವ ಜಾಗ ಇದೇ. ಫ್ಲಾಸ್ಕಿನ ಮಟ್ಟಿಗೆ ನೀವು ಹೇಳಿದ್ದು ಸರಿ. 1998ರಲ್ಲಿ ಮನುಷ್ಯರ ಸಾಮಾನ್ಯ ಕೋಶಗಳಿಗೆ ಟೆಲೊಮರೇಸ್‌ನ ಜೀನ್ ಹಾಕಿದಾಗ ಅವು ಹೇಫ್ಲಿಕ್ ಮಿತಿ, ಅಂದರೆ ಮೇಷ್ಟ್ರು ಹೇಳಿದ ಆ ಸುಮಾರು 50 ಸಲದ ಗಡಿ, ದಾಟಿ ಹೋದವು, ನಿಲ್ಲಲಿಲ್ಲ. ನಮ್ಮ ದೇಹದಲ್ಲೂ ಕೆಲವು ಕಡೆ ಅದು ಕೆಲಸ ಮಾಡುತ್ತದೆ. ವೀರ್ಯ ತಯಾರಾಗುವ ಕೋಶಗಳಲ್ಲಿ ಜೋರಾಗಿ, ರಕ್ತ ಮತ್ತು ಕರುಳಿನ ಮೂಲಕೋಶಗಳಲ್ಲಿ ಸ್ವಲ್ಪ. ಉಳಿದ ಬಹುತೇಕ ಕೋಶಗಳಲ್ಲಿ ಹುಟ್ಟುವ ಮೊದಲೇ ದೇಹ ಅದನ್ನು ಆಫ್ ಮಾಡುತ್ತದೆ. ಇಷ್ಟು ಒಳ್ಳೆಯ ಕಿಣ್ವವನ್ನು ಯಾಕೆ ಆಫ್ ಮಾಡುತ್ತದೆ?

ಕ್ಯಾನ್ಸರ್. ಒಂದು ಕೋಶದಲ್ಲಿ ತಪ್ಪು ಜೀನ್ ಬದಲಾವಣೆಯಾಗಿ ಅಡ್ಡಾದಿಡ್ಡಿ ಇಬ್ಭಾಗವಾಗಲು ಹೊರಟರೆ, ಟೆಲೊಮೇರ್ ಅದಕ್ಕೆ ಇಷ್ಟೇ ಸಲ ಅಂತ ಗಡಿ ಹಾಕುತ್ತದೆ. ನಮಗೆ ಗೊತ್ತೇ ಆಗದೆ ಎಷ್ಟೋ ಗಂಟುಗಳು ಹೀಗೆ ಅಲ್ಲೇ ನಿಂತುಹೋಗುತ್ತವೆ. ಮಚ್ಚೆಗಳನ್ನೇ ತಗೊಳ್ಳಿ, ಒಂದು ಹಂತಕ್ಕೆ ಬೆಳೆದು ಜೀವನಪೂರ್ತಿ ಹಾಗೇ ಕೂರುತ್ತವೆ, ಅಲ್ಲಿ ಬೇರೆ ತಡೆಗಳೂ ಸೇರಿರುತ್ತವೆ. ಪಿ53 ಕೆಟ್ಟುಹೋದ ಕೋಶ ಈ ಗಡಿಯನ್ನೂ ಲೆಕ್ಕಿಸದೆ ಮುಂದೆ ಹೋಗುತ್ತದೆ. ಆಗ ತುದಿಗಳು ಒಂದಕ್ಕೊಂದು ಅಂಟಿ, ಹರಿದು, ಮತ್ತೆ ಅಂಟಿ ವರ್ಣತಂತುಗಳೆಲ್ಲ ಚಿಂದಿಯಾಗುತ್ತವೆ. ಬಹುತೇಕ ಕೋಶಗಳು ಅಲ್ಲೇ ಸಾಯುತ್ತವೆ. ಎಲ್ಲೋ ಒಂದು, ಆ ಗಲಾಟೆಯಲ್ಲಿ ಟೆಲೊಮರೇಸ್ ಆನ್ ಮಾಡಿಕೊಂಡು ಬದುಕಿಬಿಡುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು 85–90 ಶೇಕಡಾದಲ್ಲಿ ಟೆಲೊಮರೇಸ್ ಆನ್ ಆಗಿರುತ್ತದೆ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ಗರ್ಭಕಂಠದ ಗಡ್ಡೆಯಿಂದ, ಅವರನ್ನು ಕೇಳದೆ ತೆಗೆದ ಹೀಲಾ ಕೋಶಗಳು ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಬೆಳೆಯುತ್ತಿರುವುದು ಇದರ ಬಲದಿಂದಲೇ.

ಈಗ ಯೋಚಿಸಿ. 68 ವರ್ಷದ ದೇಹದಲ್ಲಿ ಅಲ್ಲಲ್ಲಿ ಅರ್ಧ ದಾರಿಗೆ ಬಂದು ನಿಂತ ಕೋಶಗಳು ಇದ್ದೇ ಇರುತ್ತವೆ. ಕ್ಯಾಪ್ಸೂಲ್ ನಿಜವಾಗಿಯೂ ಕೆಲಸ ಮಾಡಿದರೆ ಅವಕ್ಕೂ ದಾರಿ ಬಿಟ್ಟಂತೆ. ಕೆಲಸ ಮಾಡದಿದ್ದರೆ ದುಡ್ಡು ದಂಡ. ಎರಡರಲ್ಲಿ ಯಾವುದು ಬೇಕು ನಿಮಗೆ? ಡಾಕ್ಟರುಗಳು ಹೋಗುತ್ತಿರುವುದು ಇದರ ಎದುರು ದಿಕ್ಕಿಗೆ. ಟೆಲೊಮರೇಸ್ ತಡೆಯುವ ಇಮೆಟೆಲ್‌ಸ್ಟಾಟ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ, ಮೂಳೆ ಮಜ್ಜೆಯ ಒಂದು ಕಾಯಿಲೆಗೆ.

ಹಾಸನದ ಹುಡುಗ

ಅಂದರೆ ಉದ್ದ ಇದ್ದಷ್ಟೂ ಒಳ್ಳೆಯದು ಅನ್ನುವುದೇ ತಪ್ಪಾ?!

ವಾರ್ಡ್ ಡ್ಯೂಟಿ

ಹೌದು, ತಪ್ಪೇ. ನಾನು ಡಾಕ್ಟರ್, ರಕ್ತದ ಕಾಯಿಲೆಗಳನ್ನು ನೋಡುತ್ತೇನೆ. ಪಿಒಟಿ1 ಅನ್ನುವ ಜೀನ್ ಕೆಟ್ಟ ಕುಟುಂಬಗಳಲ್ಲಿ ಟೆಲೊಮೇರ್ ವಿಪರೀತ ಉದ್ದ ಇರುತ್ತದೆ. ಅವರಲ್ಲಿ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್, ಥೈರಾಯ್ಡ್ ಗಡ್ಡೆ, ರಕ್ತದ ಕ್ಯಾನ್ಸರ್ ಜಾಸ್ತಿ. ಜನಸಾಮಾನ್ಯರಲ್ಲೂ, ಹುಟ್ಟಿನಿಂದಲೇ ಟೆಲೊಮೇರ್ ಉದ್ದ ಇರುವವರಿಗೆ ಹಲವು ಕ್ಯಾನ್ಸರುಗಳ ಅಪಾಯ ಹೆಚ್ಚು, ಹೃದ್ರೋಗದ ಅಪಾಯ ಕಡಿಮೆ ಅಂತ 2017ರಲ್ಲಿ ಬಂದ ದೊಡ್ಡ ವಿಶ್ಲೇಷಣೆ ತೋರಿಸಿತು. ಗಿಡ್ಡ ಆದರೆ ಒಂದು ತೊಂದರೆ, ಉದ್ದ ಆದರೆ ಇನ್ನೊಂದು.

ಇನ್ನು ಟೆಸ್ಟ್. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನವು ಪಿಸಿಆರ್ (ಡಿಎನ್ಎಯನ್ನು ನಕಲು ಮಾಡಿ ಅಳೆಯುವ ವಿಧಾನ) ಆಧಾರದ ಸರಾಸರಿ. ಮೇಲೆ ಕೋಶಸಂಗಾತಿ ಮೇಡಂ ಹೇಳಿದರಲ್ಲ, ಸರಾಸರಿ ಮುಖ್ಯ ಅಲ್ಲ, ಅತಿ ಗಿಡ್ಡದ್ದು ಮುಖ್ಯ ಅಂತ. ಮತ್ತೆ ಒಂದೇ ವಯಸ್ಸಿನ ಆರೋಗ್ಯವಂತರಲ್ಲಿ ಉದ್ದ ಎಷ್ಟು ಬೇರೆ ಬೇರೆ ಇರುತ್ತದೆ ಅಂದರೆ, 40ರ ಒಬ್ಬರದು 70ರ ಇನ್ನೊಬ್ಬರಿಗಿಂತ ಗಿಡ್ಡ ಇರಬಹುದು, ಇಬ್ಬರೂ ಆರಾಮಾಗಿರಬಹುದು. ವರ್ಷಕ್ಕೆ ಇಳಿಯುವುದು 20–30 ಅಕ್ಷರ. ಇದೇ ಟೆಸ್ಟನ್ನು ಅದೇ ರಕ್ತಕ್ಕೆ ಎರಡು ಸಲ ಮಾಡಿದರೂ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. "ಆರು ತಿಂಗಳು ಕ್ಯಾಪ್ಸೂಲ್ ತಗೊಂಡೆ, ಉದ್ದ ಆಯಿತು" ಅನ್ನುವವರ ರಿಪೋರ್ಟಿಗೆ ಹಾಗಾಗಿ ಬೆಲೆ ಇಲ್ಲ. ರಕ್ತದಲ್ಲಿ ಯಾವ ಬಗೆಯ ಬಿಳಿಕೋಶ ಎಷ್ಟಿದೆ ಅನ್ನುವುದು ಬದಲಾದರೂ ಸರಾಸರಿ ಬದಲಾಗುತ್ತದೆ.

ಕೋಡಿಂಗ್ ಕನ್ನಡಿಗ

ಗಗನಯಾತ್ರಿ ಸ್ಕಾಟ್ ಕೆಲಿ ವಿಷಯ ಓದಿದ್ದೆ. ಬಾಹ್ಯಾಕಾಶದಲ್ಲಿ ಅವರ ಟೆಲೊಮೇರ್ ಉದ್ದ ಆಯಿತಂತೆ. ಹಾಗಾದರೆ ಅವರಿಗೆ ವಯಸ್ಸು ಕಡಿಮೆ ಆಯಿತಾ?

ಕೋಶಸಂಗಾತಿ

ಇಲ್ಲ, ಅದೇ ಒಳ್ಳೆಯ ಉದಾಹರಣೆ. 2019ರಲ್ಲಿ ಬಂದ ನಾಸಾ ಅವಳಿಗಳ ಅಧ್ಯಯನ. ಮೇಲಿದ್ದಾಗ ಸರಾಸರಿ ಉದ್ದವಾಯಿತು, ಭೂಮಿಗೆ ಇಳಿದ ಸ್ವಲ್ಪ ಸಮಯದಲ್ಲೇ ಮತ್ತೆ ಇಳಿಯಿತು. ಅಷ್ಟೇ ಅಲ್ಲ, ತೀರಾ ಗಿಡ್ಡ ಟೆಲೊಮೇರ್‌ಗಳ ಸಂಖ್ಯೆ ಮೊದಲಿಗಿಂತ ಹೆಚ್ಚಾಗಿತ್ತು. ಸರಾಸರಿ ನೋಡಿ ಖುಷಿಪಟ್ಟಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಇಲಿಗಳನ್ನೂ ನೋಡಿ. ಲ್ಯಾಬ್ ಇಲಿಯ ಟೆಲೊಮೇರ್ ನಮ್ಮದಕ್ಕಿಂತ ಎಷ್ಟೋ ಪಟ್ಟು ಉದ್ದ. ಬದುಕುವುದು ಎರಡು ಮೂರು ವರ್ಷ. ಇನ್ನು ನರಕೋಶ, ಹೃದಯದ ಸ್ನಾಯು ಕೋಶ ಇವೆಲ್ಲ ದೊಡ್ಡವರಾದ ಮೇಲೆ ಇಬ್ಭಾಗವಾಗುವುದೇ ಅಪರೂಪ. ವಿಭಜನೆಯೇ ಇಲ್ಲ ಅಂದ ಮೇಲೆ ಮರೆವು ಬರುವುದನ್ನು ಈ ಸವೆತದ ಲೆಕ್ಕದಲ್ಲಿ ಹೇಳುವುದು ಹೇಗೆ? ಮುಪ್ಪಿಗೆ ಹತ್ತಾರು ದಾರಿ, ಟೆಲೊಮೇರ್ ಅದರಲ್ಲಿ ಒಂದು.

ಬೆಳ್ಳಿಗೂದಲು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಡಾಕ್ಟರ್, ನೀವು "ಗಿಡ್ಡ ಆದರೆ ಒಂದು ತೊಂದರೆ" ಅಂದಿರಿ. ಅದು ಯಾವುದು? ಕೇಳುವುದಕ್ಕೆ ಕಾರಣ ಇದೆ. ನಮ್ಮ ತಂದೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯಲ್ಲಿ, ಫೈಬ್ರೋಸಿಸ್ ಅಂದಿದ್ದರು, ಐವತ್ತೈದು ತುಂಬುವ ಮೊದಲೇ ಹೋದರು. ಬೀಡಿ ಸಿಗರೇಟು ಏನೂ ಇರಲಿಲ್ಲ. ಸೋದರತ್ತೆಗೆ ಪ್ಲೇಟ್‌ಲೆಟ್ ಯಾವಾಗಲೂ ಕಡಿಮೆ, ಯಾಕೆ ಅಂತ ಯಾರೂ ಹೇಳಿಲ್ಲ. ನನಗೂ ಅಣ್ಣನಿಗೂ ಇಪ್ಪತ್ತೈದರೊಳಗೆ ತಲೆ ಬೆಳ್ಳಗಾಯಿತು. ಈಗ ಅಣ್ಣನಿಗೆ ಒಣ ಕೆಮ್ಮು ಶುರುವಾಗಿದೆ. ಸುಮ್ಮನೆ ಹೆದರುತ್ತಿದ್ದೇನಾ?

ವಾರ್ಡ್ ಡ್ಯೂಟಿ

ಕೇಳಿದ್ದು ಬಹಳ ಒಳ್ಳೆಯದಾಯಿತು ಅಕ್ಕ. ನೋಡದೆ ಇದೇ ಕಾಯಿಲೆ ಅಂತ ಹೇಳಲಾರೆ. ಆದರೆ ಟೆಲೊಮೇರ್ ಪರೀಕ್ಷೆ ಬೇಕಾಗುವುದು ನಿಮ್ಮಂಥ ಮನೆಗೇ.

ಕೆಲವು ಕುಟುಂಬಗಳಲ್ಲಿ ಟೆಲೊಮರೇಸ್‌ಗೆ ಸಂಬಂಧಪಟ್ಟ ಜೀನ್‌ಗಳಲ್ಲಿ ದೋಷ ಇರುತ್ತದೆ, ಟಿಇಆರ್‌ಟಿ, ಟಿಇಆರ್‌ಸಿ, ಆರ್‌ಟಿಇಎಲ್1, ಪಿಎಆರ್‌ಎನ್ ಇತ್ಯಾದಿ. ಜೋರಾಗಿದ್ದರೆ ಮಕ್ಕಳಲ್ಲೇ ಕಾಣುತ್ತದೆ. ಉಗುರು ಹಾಳಾಗುವುದು, ಬಾಯಲ್ಲಿ ಬಿಳಿ ಮಚ್ಚೆ, ಕುತ್ತಿಗೆ ಚರ್ಮದಲ್ಲಿ ಬಲೆ ಹೆಣೆದಂಥ ಬಣ್ಣ, ಆಮೇಲೆ ಮೂಳೆ ಮಜ್ಜೆ ಸೋಲುವುದು. ಡಿಸ್ಕೆರಟೋಸಿಸ್ ಕಂಜೆನಿಟಾ ಅನ್ನುತ್ತಾರೆ. ಸೌಮ್ಯವಾಗಿದ್ದರೆ ನಡುವಯಸ್ಸಿನಲ್ಲಿ ಶ್ವಾಸಕೋಶದ ಫೈಬ್ರೋಸಿಸ್, ಕಾರಣ ಸಿಗದ ಲಿವರ್ ಸಿರೋಸಿಸ್, ರಕ್ತದ ಕೌಂಟ್ ಕಡಿಮೆ, ಮೂವತ್ತರೊಳಗೆ ನರೆ. ಒಂದೇ ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶ, ಇನ್ನೊಬ್ಬರಿಗೆ ರಕ್ತ, ಮತ್ತೊಬ್ಬರಿಗೆ ಲಿವರ್ ಅಂತ ಬರುವುದರಿಂದ ಮೂರು ಬೇರೆ ಡಾಕ್ಟರುಗಳ ಹತ್ತಿರ ಹೋಗುತ್ತಾರೆ, ಯಾರೂ ಜೋಡಿಸಿ ನೋಡುವುದಿಲ್ಲ. ಗಿಡ್ಡ ಟೆಲೊಮೇರ್ ಮಕ್ಕಳಿಗೂ ಹೋಗುವುದರಿಂದ ಮುಂದಿನ ತಲೆಮಾರಿನಲ್ಲಿ ಬೇಗ ಕಾಣಿಸಿಕೊಳ್ಳುವುದೂ ಉಂಟು. ಬರೀ ನರೆ ಇದ್ದವರು ಇದನ್ನು ಓದಿ ಗಾಬರಿಯಾಗಬೇಡಿ, ಚಿಕ್ಕ ವಯಸ್ಸಿನಲ್ಲಿ ಕೂದಲು ಬೆಳ್ಳಗಾಗುವುದು ನಮ್ಮಲ್ಲಿ ಸಾಮಾನ್ಯ. ಇಲ್ಲಿ ಮೂರೂ ಒಂದೇ ಮನೆಯಲ್ಲಿ ಸೇರಿರುವುದು ಮುಖ್ಯ.

ಅಣ್ಣನನ್ನು ಮೊದಲು ಶ್ವಾಸಕೋಶದ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ. ಹೈ ರೆಸಲ್ಯೂಶನ್ ಸಿಟಿ ಬೇಕಾಗುತ್ತದೆ. ತಂದೆಯ ಹಳೆಯ ಸ್ಕ್ಯಾನು, ಸೋದರತ್ತೆಯ ಸಿಬಿಸಿ (ರಕ್ತದ ಕೌಂಟ್) ರಿಪೋರ್ಟು ಎಲ್ಲ ಒಟ್ಟಿಗೆ ತಗೊಂಡು ಹೋಗಿ. "ಮನೆಯಲ್ಲಿ ಟೆಲೊಮೇರ್ ಕಾಯಿಲೆ ಇರಬಹುದಾ" ಅಂತ ನೀವೇ ಬಾಯಿಬಿಟ್ಟು ಕೇಳಿ. ಇದಕ್ಕೆ ಮಾಡುವ ಟೆಸ್ಟ್ ಬೇರೆ, ಫ್ಲೋ-ಫಿಶ್ ಅನ್ನುತ್ತಾರೆ. ವಯಸ್ಸಿಗೆ ತಕ್ಕಂತೆ ಹೋಲಿಸಿ, ನೂರು ಜನರಲ್ಲಿ ಅತಿ ಗಿಡ್ಡ ಒಬ್ಬರ ಮಟ್ಟಕ್ಕಿಂತಲೂ ಕೆಳಗೆ ಬಂದರೆ ಅನುಮಾನ ಬಲವಾಗುತ್ತದೆ. ಜೊತೆಗೆ ಜೀನ್ ಪರೀಕ್ಷೆ.

ಬೆಳ್ಳಿಗೂದಲು

ಗೊತ್ತಾದರೆ ಏನು ಮಾಡಲಾಗುತ್ತದೆ ಡಾಕ್ಟರ್? ವಾಸಿಯಾಗುವ ಔಷಧಿ ಇದೆಯಾ?

ವಾರ್ಡ್ ಡ್ಯೂಟಿ

ಬುಡಸಮೇತ ವಾಸಿ ಮಾಡುವ ಔಷಧಿ ಇಲ್ಲ. ಡಾನಜಾಲ್ ಅನ್ನುವ ಹಾರ್ಮೋನ್ ಮಾತ್ರೆ ಕೆಲವರಿಗೆ ಕೊಡುತ್ತಾರೆ. 2016ರಲ್ಲಿ ಬಂದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ರಕ್ತದ ಕೌಂಟ್ ಸುಧಾರಿಸಿತ್ತು, ಲಿವರ್ ಮೇಲೆ ಕಣ್ಣಿಡಬೇಕು. ಆದರೆ ಗೊತ್ತಾಗುವುದರಿಂದ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಫೈಬ್ರೋಸಿಸ್ ಇದ್ದು ಟೆಲೊಮೇರ್ ಗಿಡ್ಡ ಇರುವವರಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಗಳಿಂದ ಹಾನಿಯೇ ಹೆಚ್ಚು. ಮಜ್ಜೆ ಕಸಿ ಬೇಕಾದರೆ ಒಡಹುಟ್ಟಿದವರು ದಾನಿ ಆಗುವ ಮೊದಲು ಅವರನ್ನೂ ಪರೀಕ್ಷಿಸಬೇಕು, ಕಸಿಗೆ ಮೊದಲು ಕೊಡುವ ಕೀಮೋ ಡೋಸ್ ಇಳಿಸಬೇಕು. ಸಿಗರೇಟು ಹತ್ತಿರ ಸೇರಿಸಬಾರದು, ಧೂಳಿನ ಕೆಲಸ ಇದ್ದರೆ ಬಿಡಬೇಕು, ಮದ್ಯ ಬೇಡ. ನಿಮ್ಮದೂ ಒಂದು ಸಿಬಿಸಿ ಮತ್ತು ಲಿವರ್ ಟೆಸ್ಟ್ ಮಾಡಿಸಿಬಿಡಿ, ಅಣ್ಣನ ಜೊತೆಯಲ್ಲೇ.

ಹಾಸನದ ಹುಡುಗ

ಅಕ್ಕ, ದಯವಿಟ್ಟು ಬೇಗ ತೋರಿಸಿ.

ನಮ್ಮ ಮನೆ ವಿಷಯ: ಈ ಎಲ್ಲ ಬರಹ ಅಪ್ಪನಿಗೆ ಓದಿ ಹೇಳಿದೆ. ಕ್ಯಾನ್ಸರ್ ಭಾಗ ಎರಡು ಸಲ ಓದಿಸಿದರು. ಕ್ಯಾಪ್ಸೂಲ್ ಬೇಡ ಅಂತ ಫೋನ್ ಮಾಡಿ ಹೇಳಿದ್ದಾರೆ. ಟೆಸ್ಟಿಗೆ ಎತ್ತಿಟ್ಟ ದುಡ್ಡಲ್ಲಿ ಬಿಪಿ, ಶುಗರ್, ಕಣ್ಣು ನೋಡಿಸಿಕೊಂಡು ಬರೋಣ ಅಂದಿದ್ದಾರೆ, ಸೋಮವಾರ ಹೋಗುತ್ತಿದ್ದೇವೆ.

ಬೆಳ್ಳಿಗೂದಲು

ಅಣ್ಣ ಒಪ್ಪಿದ. ಸಿಟಿಗೆ ಹೆಸರು ಬರೆಸಿದ್ದೇವೆ. ತಂದೆಯ ಫೈಲು ಅಮ್ಮನ ಪೆಟ್ಟಿಗೆಯಲ್ಲಿ ಸಿಕ್ಕಿತು. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.